ಎದ್ದು ನಿಲ್ಲುವುದೂ ಒಂದು ಪಾಠ

ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದು, ಚಪ್ಪಲಿ ಮೆಟ್ಟುವುದು, ಲೋಟ ಎತ್ತಿ ನೀರು ಕುಡಿಯುವುದು. ಇವನ್ನು ಯಾವಾಗ ಕಲಿತಿರಿ ಎಂದು ಕೇಳಿದರೆ ಯಾರಿಗೂ ನೆನಪಿರದು. ಆದರೆ ಹುಟ್ಟುವ ಮುನ್ನವೋ ಹುಟ್ಟುವಾಗಲೋ ಮಿದುಳಿಗೆ ಪೆಟ್ಟಾದ ಮಗುವಿಗೆ ಇವು ತಾವಾಗಿ ಬರುವುದಿಲ್ಲ. ವೈದ್ಯರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಮೂಲ ದೋಷ ಕೈಕಾಲಿನದಲ್ಲ, ಅವುಗಳಿಗೆ ಅಪ್ಪಣೆ ಕೊಡುವ ಮಿದುಳಿನದು. ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಇಲ್ಲವೇ ಹೇಳಿದ ಮಾತು ಕೇಳದೆ ಅಲುಗಾಡುತ್ತವೆ.

ಘಾಸಿಗೊಂಡ ಭಾಗ ಮತ್ತೆ ಮೊದಲಿನಂತಾಗದು. ಹಾಗಾದರೆ ಚಲನೆಯನ್ನೇ ಅಕ್ಷರ, ಮಗ್ಗಿಗಳಂತೆ ಪಾಠ ಮಾಡಿ ಕಲಿಸಬಹುದೆ?

ಕಲಿಸಬಹುದು ಎಂದು ಹೊರಟವರು ಹಂಗೇರಿಯ ವೈದ್ಯ ಆಂದ್ರಾಶ್ ಪೆಟೊ (1893–1967). ವಿಯೆನ್ನಾದಲ್ಲಿ ಓದಿ ಆಸ್ಟ್ರಿಯಾದಲ್ಲೇ ವೃತ್ತಿಯಲ್ಲಿದ್ದ ಈ ಯೆಹೂದಿ, 1938ರಲ್ಲಿ ಹಿಟ್ಲರನ ಸೇನೆ ಅಲ್ಲಿಗೆ ನುಗ್ಗಿದ ಮೇಲೆ ಬುಡಾಪೆಸ್ಟ್‌ಗೆ ಮರಳಿದರು. ಯುದ್ಧ ಮುಗಿದ 1945ರಲ್ಲಿ ಬೆರಳೆಣಿಕೆಯ ಮಕ್ಕಳನ್ನು ಇಟ್ಟುಕೊಂಡು ಕೆಲಸ ಆರಂಭಿಸಿದರು. ಆಗ ನೆರವಿಗೆ ಬಂದ ವೈದ್ಯಕೀಯ ವಿದ್ಯಾರ್ಥಿನಿ ಮಾರಿಯಾ ಹಾರಿಯೇ ಮುಂದೆ ಸಂಸ್ಥೆಯ ಹೊಣೆ ಹೊತ್ತರು. 1963ರಲ್ಲಿ ಈ ಸಂಸ್ಥೆ ಆರೋಗ್ಯ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ವರ್ಗವಾಯಿತು. ಪೆಟೊ ವಾದವೂ ಅದೇ ಆಗಿತ್ತು: ಮಗು ರೋಗಿಯಲ್ಲ, ವಿದ್ಯಾರ್ಥಿ.

ಪದ್ಧತಿಯ ಹೆಸರು ಕಂಡಕ್ಟಿವ್ ಎಜುಕೇಷನ್, ಕಲಿಸುವವರು ಕಂಡಕ್ಟರ್. ನಮ್ಮವರಿಗೆ ಬಸ್ಸು, ಟಿಕೆಟ್ಟು ನೆನಪಾದರೆ ತಪ್ಪೇನಿಲ್ಲ. ಇಲ್ಲಿಯೂ ಎಲ್ಲರನ್ನೂ ಜೊತೆಗೆ ಕರೆದೊಯ್ಯುವವರೇ ಕಂಡಕ್ಟರು. ಬೇರೆಡೆ ಇಂಥ ಮಗುವಿನ ಕಾಲಿಗೆ ಒಬ್ಬ ತಜ್ಞ, ಮಾತಿಗೆ ಇನ್ನೊಬ್ಬ, ಅಕ್ಷರಕ್ಕೆ ಮತ್ತೊಬ್ಬ. ಪೆಟೊ ಎಲ್ಲವನ್ನೂ ನಾಲ್ಕು ವರ್ಷ ತರಬೇತಿ ಪಡೆದ ಒಬ್ಬರ ಕೈಗೆ ಒಪ್ಪಿಸಿದರು.

ತರಗತಿಯಲ್ಲಿ ಯಂತ್ರಗಳಿಲ್ಲ. ಮರದ ಪಟ್ಟಿ ಬಡಿದ ಮಂಚವೇ ಹಾಸಿಗೆ, ಅದೇ ಮೇಜು. ಪಟ್ಟಿಗಳ ಸಂದಿನಲ್ಲಿ ಬೆರಳು ತೂರಿಸಿ ಹಿಡಿದುಕೊಳ್ಳಬಹುದು. ಏಣಿಯಂತೆ ಬೆನ್ನಿರುವ ಕುರ್ಚಿಯನ್ನು ಹಿಡಿದು ಮಗು ಏಳುತ್ತದೆ, ಅದನ್ನೇ ತಳ್ಳಿಕೊಂಡು ಹೆಜ್ಜೆಯಿಡುತ್ತದೆ. ‘ನಾನು ಕೈ ಮೇಲೆತ್ತುತ್ತೇನೆ’ ಎಂದು ಕಂಡಕ್ಟರ್ ಹೇಳಿದರೆ ಮಕ್ಕಳೆಲ್ಲ ಹಾಗೇ ಹೇಳಿ, ಒಂದರಿಂದ ಐದರವರೆಗೆ ಎಣಿಸುತ್ತಾ ಕೈ ಎತ್ತುತ್ತಾರೆ. ಮಾತು ಮುಂದೆ, ಕೈ ಹಿಂದೆ. ದೋಣಿ ಎಳೆಯುವವರು ಐಲೇಸಾ ಎಂದು ಕೂಗುವುದೂ ಸುಮ್ಮನೆ ಅಲ್ಲವಲ್ಲ! ಕಾಲುಚೀಲ ಹಾಕಿಕೊಳ್ಳಲು ಎಷ್ಟೇ ಹೊತ್ತು ಹಿಡಿದರೂ ಅದು ಪಾಠವೇ.

1986ರಲ್ಲಿ ಬಿಬಿಸಿ ‘ಸ್ಟ್ಯಾಂಡಿಂಗ್ ಅಪ್ ಫಾರ್ ಜೋ’ ಎಂಬ ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಅದನ್ನು ನೋಡಿದ ಬ್ರಿಟನ್ನಿನ ತಂದೆತಾಯಿಗಳು ಹಣ ಹೊಂದಿಸಿಕೊಂಡು, ಮಕ್ಕಳನ್ನು ಎತ್ತಿಕೊಂಡು ಬುಡಾಪೆಸ್ಟ್ ದಾರಿ ಹಿಡಿದರು. ಮರುವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲೇ ಕೇಂದ್ರ ತೆರೆಯಿತು.

ಫಲ? 1993ರಲ್ಲಿ ಪ್ರಕಟವಾದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅಧ್ಯಯನಕ್ಕೆ, ಅಲ್ಲಿ ಕಲಿತ ಮಕ್ಕಳು ಬ್ರಿಟನ್ನಿನ ವಿಶೇಷ ಶಾಲೆಗಳ ಮಕ್ಕಳಿಗಿಂತ ಮುಂದೆ ಹೋದದ್ದು ಕಾಣಲಿಲ್ಲ. ಬುಡಾಪೆಸ್ಟ್‌ನಲ್ಲಿ ಮಕ್ಕಳನ್ನು ಆರಿಸಿಯೇ ಸೇರಿಸಿಕೊಳ್ಳುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಇದಕ್ಕೂ ಕಟುವಾದ ಟೀಕೆ 1989ರಲ್ಲೇ ಬಂದಿತ್ತು. ಗಾಲಿಕುರ್ಚಿ ಬಳಸುತ್ತಿದ್ದ ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್, ನಡೆಯಲೇಬೇಕೆಂಬ ಹಟವೇಕೆ ಎಂದು ಕೇಳಿದ್ದರು. ಮಗುವನ್ನು ತಿದ್ದುವ ಬದಲು ಮೆಟ್ಟಿಲುಗಳನ್ನು ತಿದ್ದಬಾರದೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ತಾನೇ ಲೋಟ ಎತ್ತಿ ನೀರು ಕುಡಿಯಲು ಕಲಿತ ಮಗುವಿನ ಮನೆಯವರಿಗೆ ಆ ಒಂದು ಲೋಟವೂ ಸಣ್ಣದಲ್ಲ.

ಪೆಟೊ ಸಂಸ್ಥೆ 2017ರಿಂದ ಸೆಮ್ಮೆಲ್‌ವೈಸ್ ವಿಶ್ವವಿದ್ಯಾಲಯದ ಭಾಗ. ಲಕ್ವ ಹೊಡೆದವರು, ಪಾರ್ಕಿನ್‌ಸನ್ ಕಾಯಿಲೆಯ ಹಿರಿಯರು ಕೂಡ ಈ ಪದ್ಧತಿಯಲ್ಲಿ ಕಲಿಯುತ್ತಾರೆ. ಪಾರ್ಕಿನ್‌ಸನ್ ಇದ್ದವರ ಕಾಲು ಕೆಲವೊಮ್ಮೆ ಹೊಸಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆಗ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸಿದರೆ ಎಷ್ಟೋ ಸಲ ಹೆಜ್ಜೆ ಕಿತ್ತು ಬರುತ್ತದೆ.