ಇಲಿ ಕೂಡಿಟ್ಟ ಮರುಭೂಮಿಯ ಜಾತಕ

1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನಕ್ಕೆಂದು ಹೊರಟು ನೆವಾಡದ ಬೆಂಗಾಡಿನಲ್ಲಿ ದಾರಿ ತಪ್ಪಿದ ತಂಡವೊಂದಕ್ಕೆ ಮಿಠಾಯಿಯಂತೆ ಹೊಳೆಯುವ ಉಂಡೆಗಳು ಸಿಕ್ಕವು. ಹಸಿದವರು ಬಾಯಿಗೆ ಹಾಕಿಕೊಂಡರು. ಸಿಹಿಯೇನೋ ಇತ್ತು, ಆಮೇಲೆ ಹೊಟ್ಟೆ ತೊಳೆಸಿತು. ಅವರು ತಿಂದದ್ದು ಇಲಿಯ ಹರಳುಗಟ್ಟಿದ ಮೂತ್ರವನ್ನು.

ಈ ಇಲಿಯ ಹೆಸರು ಪ್ಯಾಕ್‌ರ‍್ಯಾಟ್. ಕಡ್ಡಿ, ಎಲೆ, ಬೀಜ, ಕಳ್ಳಿಯ ಮುಳ್ಳು, ಎಲುಬು, ಸಿಕ್ಕಿದ್ದನ್ನೆಲ್ಲ ಬಂಡೆಯ ಸಂದಿಗೆ ಹೊತ್ತು ತಂದು ಗುಡ್ಡೆ ಹಾಕುವ ಚಟ ಅದಕ್ಕೆ. ಅದರ ಮೇಲೆಯೇ ಮೂತ್ರ ಮಾಡುತ್ತದೆ. ಆ ಮೂತ್ರ ಒಣಗಿ ಅಂಟಿನಂತೆ ಎಲ್ಲವನ್ನೂ ಹಿಡಿದಿಡುತ್ತದೆ. ಮಳೆಹನಿ ತಾಗದಿದ್ದರೆ ಆ ಗುಡ್ಡೆ ನಲವತ್ತು ಸಾವಿರ ವರ್ಷವಾದರೂ ಕೆಡುವುದಿಲ್ಲ.

ಅದರ ಬೆಲೆ ತಿಳಿದದ್ದು 1960ರ ದಶಕದಲ್ಲಿ. ವಿಜ್ಞಾನಿಗಳಾದ ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜಾರ್ಗೆನ್ಸನ್ ನೆವಾಡದ ಅಣುಪರೀಕ್ಷಾ ಪ್ರದೇಶದ ಬೆಟ್ಟವೊಂದರಲ್ಲಿ ಜುನಿಪರ್ ಮರ ಹುಡುಕಿದರು. ಒಂದೂ ಕಾಣಲಿಲ್ಲ. ಆದರೆ ಅಲ್ಲಿನ ಇಲಿಗುಡ್ಡೆಯ ತುಂಬ ಜುನಿಪರ್ ಕಡ್ಡಿಗಳು! ಇಂದು ಬರೀ ಕುರುಚಲು ಇರುವ ಇಳಿಜಾರಿನಲ್ಲಿ ಹಿಮಯುಗದಲ್ಲಿ ಮರಗಳಿದ್ದವು ಎಂದು ಅವರು 1964ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಹಳೆಯ ಸಸ್ಯವರ್ಗವನ್ನು ತಿಳಿಯಲು ಪರಾಗವೂ ಇದೆಯಲ್ಲ ಎನ್ನಬಹುದು. ಆದರೆ ಪೈನ್ ಮರದ ಪರಾಗ ಗಾಳಿಯಲ್ಲಿ ಎಷ್ಟೋ ಮೈಲಿ ಹಾರುತ್ತದೆ. ಇಲಿ ಸಾಮಾನ್ಯವಾಗಿ ಹೋಗುವುದು ಕೆಲವು ಹತ್ತು ಮೀಟರ್ ಅಷ್ಟೇ. ಸಾಕ್ಷಿಯಾಗಿ ನಾನು ಇಲಿಯನ್ನೇ ನಂಬುತ್ತೇನೆ, ಅದಕ್ಕೆ ತನ್ನದೇ ಇಷ್ಟಾನಿಷ್ಟಗಳಿದ್ದರೂ.

ಪ್ರಯೋಗಾಲಯದಲ್ಲಿ ಗುಡ್ಡೆಯ ಗಟ್ಟಿ ತುಂಡನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕುತ್ತಾರೆ. ಮೂತ್ರ ಕರಗಿ ನೀರು ಕಂದಾಗುತ್ತದೆ, ನಾತವೂ ಏಳುತ್ತದೆ. ಜರಡಿಯಲ್ಲಿ ಉಳಿದ ಎಲೆ, ಬೀಜ, ಜೀರುಂಡೆಯ ಚಿಪ್ಪುಗಳನ್ನು ಬೇರ್ಪಡಿಸಿ ಜಾತಿ ಗುರುತಿಸುತ್ತಾರೆ, ರೇಡಿಯೋ ಕಾರ್ಬನ್‌ನಿಂದ ವಯಸ್ಸು ಅಳೆಯುತ್ತಾರೆ. ಹಿಕ್ಕೆಯನ್ನೂ ಎಸೆಯುವುದಿಲ್ಲ. ದೊಡ್ಡ ಇಲಿಯ ಹಿಕ್ಕೆ ದಪ್ಪ, ತಂಪು ಹವಾಮಾನದಲ್ಲಿ ಇಲಿಗಳ ಮೈ ದೊಡ್ಡದು. ಸಂಶೋಧಕಿ ಫೆಲಿಸಾ ಸ್ಮಿತ್ ಮತ್ತು ಸಂಗಡಿಗರು 1995ರಲ್ಲಿ ಹಿಕ್ಕೆಯ ಅಗಲ ಅಳೆದೇ ಹಳೆಯ ಕಾಲದ ಬಿಸಿ, ತಂಪುಗಳ ಏರಿಳಿತವನ್ನು ಓದಿದರು.

ನ್ಯೂ ಮೆಕ್ಸಿಕೋದ ಚಾಕೊ ಕಣಿವೆಯ ಕತೆ ಬೇರೆ. ಪ್ಯೂಬ್ಲೊ ಎಂಬ ಮೂಲನಿವಾಸಿ ಜನ ಬಹುಮಹಡಿ ಕಲ್ಲುಮನೆ ಕಟ್ಟಿದ ಈ ಬಯಲಿನಲ್ಲಿ ಹಿಂದೆ ಪಿನ್ಯಾನ್ ಪೈನ್ ಮರಗಳಿದ್ದವೆಂದು ಗುಡ್ಡೆಗಳು ಹೇಳಿದವು. ಸುಮಾರು ಸಾವಿರ ವರ್ಷಗಳ ಈಚೆಗೆ ಅವು ಮಾಯ. ಸೌದೆಗೆ ಕಡಿದರೇ, ಬರ ನುಂಗಿತೇ? ವಾದ ಮುಗಿದಿಲ್ಲ.

ಗುಡ್ಡೆಗಳ ದೊಡ್ಡ ಪಾಠ ಇನ್ನೊಂದು. ಹಿಮಯುಗ ಮುಗಿದಾಗ ಗಿಡಮರಗಳು ಗುಂಪಾಗಿ ಬೆಟ್ಟ ಹತ್ತಲಿಲ್ಲ. ಒಂದೊಂದು ಜಾತಿಯೂ ತನ್ನದೇ ವೇಗದಲ್ಲಿ, ತನ್ನದೇ ದಿಕ್ಕಿಗೆ ಸರಿಯಿತು. ಹಳೆಯ ಒಡನಾಡಿಗಳು ಬೇರೆಯಾದವು, ಅಪರಿಚಿತರು ನೆರೆಯವರಾದರು. ಭೂಮಿ ಕಾದರೆ ಇಡೀ ಕಾಡೇ ಹಾಗೇ ಮೇಲಕ್ಕೆ ಸರಿಯುತ್ತದೆ ಎಂಬ ಲೆಕ್ಕಾಚಾರಕ್ಕೆ ಈ ಗುಡ್ಡೆಗಳಲ್ಲಿ ಆಧಾರವಿಲ್ಲ.