ಮಾದರಿಗಾರರ ಕೂಟ

ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆ ಏಪ್ರಿಲ್ ತಿಂಗಳಲ್ಲಿ ನಡೆಯುವುದಷ್ಟೆ. ದೊಡ್ಡ ತೇರನ್ನು ಎಳೆದು ಮುಗಿದ ಮೇಲೆ ಸುತ್ತಣ ಹಳ್ಳಿಗಳ ಅಂಗಳಗಳಲ್ಲಿ ಇನ್ನೊಂದು ಜಾತ್ರೆ ಮೊದಲಾಗುತ್ತದೆ. ಹುಡುಗರು ಅಡಿಕೆಯ ಹಾಳೆ, ಬಿದಿರಿನ ಸೀಳು, ಬಾಳೆಯ ನಾರು ಇವುಗಳನ್ನು ಕೂಡಿಸಿ ಮೊಣಕಾಲೆತ್ತರದ ತೇರೊಂದನ್ನು ಕಟ್ಟಿ ಎಳೆಯುತ್ತಾರೆ. ಅದು ಮೊದಲನೆಯ ತಿರುವಿನಲ್ಲೇ ಮಗುಚುತ್ತದೆ. ಅಷ್ಟು ಅಗಲವಾದ ತಲೆಯನ್ನು ಹೊತ್ತ ದೇವರ ತೇರು ಏಕೆ ಮಗುಚಲಿಲ್ಲ, ತಮ್ಮದೇಕೆ ಮಗುಚಿತು ಎಂಬ ಚಿಂತೆ ಅವರಿಗೆ ಎರಡು ದಿನ ಊಟವನ್ನೂ ಮರೆಸುತ್ತದೆ. ಕೊನೆಗೆ ಬುಡಕ್ಕೆ ನಾಲ್ಕು ಕಲ್ಲು ಕಟ್ಟಬೇಕೆಂಬುದನ್ನು ತಾವೇ ಕಂಡುಕೊಳ್ಳುತ್ತಾರೆ. ಗುರುತ್ವಕೇಂದ್ರವೆಂಬ ಶಬ್ದವನ್ನು ಮಾತ್ರ ಅವರು ಕೇಳಿಲ್ಲ. ಮಳೆಗಾಲ ಬಂದರೆ ತೇರು ಗೊಬ್ಬರದ ಗುಂಡಿಗೆ ಹೋಗುತ್ತದೆ. ಕಂಡುಕೊಂಡ ಉತ್ತರವೂ ಅದರೊಡನೆಯೇ ಹೋಗುತ್ತದೆ. ಮುಂದಿನ ವರ್ಷದ ಹುಡುಗರು ಮತ್ತೆ ಮಗುಚಿಯೇ ಕಲಿಯಬೇಕು.

ನಾವು ಇಂದು ಹೇಳಹೊರಟಿರುವುದು ಆ ಉತ್ತರವನ್ನು ಗುಂಡಿಗೆ ಹೋಗಗೊಡದೆ ಉಳಿಸಿಕೊಂಡವರ ಸಂಗತಿ.

ಮಾದರಿಯೆಂದರೆ ಬೊಂಬೆಯಲ್ಲ. ಬೊಂಬೆಯು ಮೂಲವಸ್ತುವಿನಂತೆ ಕಂಡರೆ ಸಾಕು. ಮಾದರಿಯು ಅದರಂತೆ ನಡೆಯಲೂ ಬೇಕು. ತೊಡಕಿರುವುದು ಇಲ್ಲಿಯೇ. ಒಂದು ಉಗಿಬಂಡಿಯನ್ನು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆವೆನ್ನಿ. ಅದರ ಮೇಲ್ಮೈ 100ರಲ್ಲಿ ಒಂದು ಪಾಲಾಗುತ್ತದೆ. ಗಾತ್ರವಾದರೋ 1,000ದಲ್ಲಿ ಒಂದು ಪಾಲಾಗುತ್ತದೆ. ಬಾಯ್ಲರಿನೊಳಗಣ ನೀರು ಸಾವಿರದಲ್ಲೊಂದಕ್ಕೆ ಇಳಿದರೂ ಶಾಖವನ್ನು ಸೋರಿಸುವ ಮೈ ನೂರರಲ್ಲೊಂದಕ್ಕೆ ಮಾತ್ರ ಇಳಿಯುವುದರಿಂದ, ಒಂದೊಂದು ಹನಿ ನೀರಿನ ಪಾಲಿಗೂ ಮೊದಲಿಗಿಂತ ಹತ್ತುಪಟ್ಟು ಮೈ ಬರುತ್ತದೆ. ಬಚ್ಚಲ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿದ್ದು, ಲೋಟದ ಕಾಫಿ ಮಾತನಾಡುತ್ತಿರುವಷ್ಟರಲ್ಲೇ ಆರಿಹೋಗುವುದು ಈ ಲೆಕ್ಕದಿಂದಲೇ. ಇದಕ್ಕೆ ಪ್ರತಿಯಾಗಿ ಸಣ್ಣದಕ್ಕೆ ಒಂದು ಲಾಭವೂ ಉಂಟು. ಕಂಬದ ಬಲ ಅದರ ಅಡ್ಡಕೊಯ್ತದ ಅಗಲವನ್ನೂ, ಅದು ಹೊರುವ ಭಾರ ಗಾತ್ರವನ್ನೂ ಅನುಸರಿಸುವುದರಿಂದ, ಚಿಕ್ಕ ರಚನೆಯು ತನ್ನ ಭಾರಕ್ಕೆ ಹೋಲಿಸಿದರೆ ಹತ್ತುಪಟ್ಟು ಗಟ್ಟಿ. ಹಾಳೆಯ ತೇರು ನಿಲ್ಲುವುದು ಹೀಗೆ. ದೇವರ ತೇರನ್ನು ಹಾಳೆಯಿಂದ ಕಟ್ಟಲಾಗದು.

ಈ ಲೆಕ್ಕಗಳನ್ನು ಪುಸ್ತಕದಲ್ಲಿ ಓದಿದವರು ಅನೇಕರು. ಕೈಯಾರೆ ಮಾಡಿ ನೋಡಬೇಕೆಂದು ಹಟಹಿಡಿದವರು ಮೊದಲು ಒಂದು ಗುಂಪಾಗಿ ಸೇರಿದ ಕಥೆಗೆ ನಾವು ಲಂಡನ್ನಿಗೆ ಹೋಗಬೇಕು. 1898ರ ಜನವರಿಯಲ್ಲಿ ಪರ್ಸಿವಲ್ ಮಾರ್ಷಲ್ ಎಂಬವನು ‘ದಿ ಮಾಡೆಲ್ ಎಂಜಿನಿಯರ್ ಅಂಡ್ ಅಮೆಚ್ಯೂರ್ ಎಲೆಕ್ಟ್ರಿಷಿಯನ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಮನೆಯ ಹಿಂದಣ ಕೊಟ್ಟಿಗೆಯಲ್ಲೋ ಅಡುಗೆಮನೆಯ ಮೇಜಿನ ಮೇಲೋ ಒಬ್ಬೊಬ್ಬರಾಗಿ ಅರ ಉಜ್ಜುತ್ತಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆಂಬುದು ಆ ಪತ್ರಿಕೆಯಿಂದ ತಿಳಿಯಿತು. ಅದೇ ವರ್ಷ ಲಂಡನ್ನಿನಲ್ಲಿ ಮಾದರಿ ಯಂತ್ರಕಾರರ ಸಂಘ ಹುಟ್ಟಿತು. ಪತ್ರಿಕೆ ಮೊದಲು, ಸಂಘ ಆಮೇಲೆ ಎಂಬ ಈ ಕ್ರಮವನ್ನು ಕೇಳುವವರು ಗಮನಿಸಬೇಕು. ನಮ್ಮಲ್ಲಿ ಮೊದಲು ಸಂಘ, ಅದಕ್ಕಿಂತ ಮೊದಲು ಅಧ್ಯಕ್ಷರು. 1907ರಲ್ಲಿ ಮಾದರಿಗಳ ದೊಡ್ಡ ಪ್ರದರ್ಶನ ಏರ್ಪಟ್ಟಿತು. 1910ರಲ್ಲಿ ರೈಲ್ವೆ ಮಾದರಿಗಾರರು ಅದೇ ನಗರದಲ್ಲಿ ತಮ್ಮದೇ ಬೇರೊಂದು ಕ್ಲಬ್ಬನ್ನು ಕಟ್ಟಿಕೊಂಡರು.

ಇಂಥ ಕೂಟದ ನಿಜವಾದ ಕೆಲಸ ಏನೆಂಬುದು 1922ರಲ್ಲಿ ಆ ಪತ್ರಿಕೆಯಲ್ಲಿಯೇ ಎದ್ದ ಒಂದು ಜಗಳದಿಂದ ಚೆನ್ನಾಗಿ ವಿಶದವಾಗುತ್ತದೆ. ಸಣ್ಣ ಉಗಿಬಂಡಿಗೆ ನಿಜವಾದ ರೈಲಿನಂತೆ ಕಲ್ಲಿದ್ದಲಿನ ಒಲೆಯನ್ನು ಇಡಬಾರದು, ಸ್ಪಿರಿಟ್ ದೀಪವೇ ಅದಕ್ಕೆ ತಕ್ಕದ್ದು ಎಂಬುದು ಆಗ ಬಲ್ಲವರಲ್ಲಿ ಅನೇಕರ ಮತ. ಮೇಲೆ ಹೇಳಿದ ಲೆಕ್ಕವೂ ಅವರ ಕಡೆಗೇ ವಾಲಿದಂತೆ ತೋರುವುದು ಸುಳ್ಳಲ್ಲ. ಆದರೆ ಎಲ್.ಬಿ.ಎಸ್.ಸಿ. ಎಂಬ ಅಂಕಿತದಿಂದ ಬರೆಯುತ್ತಿದ್ದ ಒಬ್ಬನು ಅದನ್ನು ಒಪ್ಪಲಿಲ್ಲ. ಒಲೆಯನ್ನೂ ಹೊಗೆನಾಳಗಳನ್ನೂ ಸರಿಯಾದ ಪ್ರಮಾಣದಲ್ಲಿ ಕೂಡಿಸಿದರೆ ಎರಡೂವರೆ ಅಂಗುಲದ ಹಳಿಯ ಮೇಲಣ ಬಂಡಿ ಕಲ್ಲಿದ್ದಲನ್ನು ತಿಂದು ಬೆಳೆದ ಮನುಷ್ಯನನ್ನು ಎಳೆಯಬಲ್ಲದು ಎಂದನು. ವಾದ ಬಾಯ್ಲರುಗಳ ಯುದ್ಧವೆಂದೇ ಹೆಸರಾಯಿತು. ಅವನು ‘ಆಯೇಷಾ’ ಎಂಬ ತನ್ನ ಪುಟ್ಟ ಬಂಡಿಯನ್ನು ಹಳಿಯ ಮೇಲಿಟ್ಟು ಓಡಿಸಿದನು. ಅದು ಮನುಷ್ಯರನ್ನು ಎಳೆಯಿತು. 1924ರ ಹೊತ್ತಿಗೆ ವಾದದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಶಾಖ ಹೆಚ್ಚು ಸೋರುವುದೇನೋ ನಿಜವೇ. ಆದರೆ ಬೆಂಕಿಯನ್ನು ಮುಟ್ಟುವ ಮೈಯೂ ಅದೇ ಲೆಕ್ಕದಲ್ಲಿ ಹೆಚ್ಚಾಗುವುದನ್ನು ಕಾಗದದ ಮೇಲೆ ವಾದಿಸಿದವರು ಮರೆತಿದ್ದರು. ಆಮೇಲೆ ಅವನು ಬಹುಕಾಲ ಆ ಪತ್ರಿಕೆಯಲ್ಲಿ ಅಳತೆಗಳನ್ನೆಲ್ಲ ಬಿಚ್ಚಿಟ್ಟು, ಯಾರು ಬೇಕಾದರೂ ಮಾಡಿಕೊಳ್ಳುವಂತೆ ಬರೆದನು. ಗುಟ್ಟನ್ನು ಬಚ್ಚಿಡುವ ಕಸುಬುದಾರನಿಗೂ ಹಂಚುವ ಹವ್ಯಾಸಿಗೂ ಇರುವ ವ್ಯತ್ಯಾಸ ಇದೇ.

ಇಂಥದೇ ಒಂದು ಕ್ಲಬ್ಬು 1946ರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯ ವಿದ್ಯಾರ್ಥಿಗಳಲ್ಲಿ ಹುಟ್ಟಿತು. ಮೇಜಿನ ಮೇಲೆ ಬೆಟ್ಟ, ನಿಲ್ದಾಣ, ರೈಲು. ಮೇಜಿನ ಕೆಳಗೆ ಟೆಲಿಫೋನಿನ ರಿಲೇಗಳಿಂದ ಕಟ್ಟಿದ ತಂತಿಗಳ ಕಾಡು. ಆ ಕಾಡಿನಲ್ಲಿ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದ ಹುಡುಗರಲ್ಲಿ ಕೆಲವರು 1950ರ ದಶಕದ ಕೊನೆಗೆ ಕಂಪ್ಯೂಟರಿನ ಕಡೆಗೆ ತಿರುಗಿದರು. 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ಆ ಬಳಗದಿಂದಲೇ ಹೊರಬಂದಿತು. ಯಾವ ಪಾಠಪಟ್ಟಿಯೂ ಅವರಿಗೆ ಇದನ್ನು ವಿಧಿಸಿರಲಿಲ್ಲ.

ಈಗ ಪುತ್ತೂರಿಗೇ ಮರಳೋಣ. ಆಟವನ್ನೂ ಕಲಿಕೆಯನ್ನೂ ಒಂದುಮಾಡುವ ಕೂಟ ಆ ಊರಿಗೆ ಹೊಸದಲ್ಲ. ಶಿವರಾಮ ಕಾರಂತರು (1902–1997) 1930ರ ದಶಕದಲ್ಲಿ ಅಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು, ಬಾಲವನವನ್ನು ಕಟ್ಟಿದರು, 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಅದು ಮಾದರಿಗಾರರ ಕೂಟವಾಗಿರಲಿಲ್ಲ; ಆಟ, ನಾಟಕ, ಕುಣಿತಗಳು ಅಲ್ಲಿ ಮುಂದು. ಆದರೆ ಮೂಕಚಿತ್ರವನ್ನು ತೆಗೆಯಬೇಕೆನಿಸಿದರೆ ಕ್ಯಾಮರಾವನ್ನು, ಪುಸ್ತಕವನ್ನು ಅಚ್ಚಿಸಬೇಕೆನಿಸಿದರೆ ಮುದ್ರಣಯಂತ್ರವನ್ನು ತಾವೇ ಕೈಗೆತ್ತಿಕೊಂಡ ಆ ಮನುಷ್ಯರಲ್ಲಿ ಲಂಡನ್ನಿನ ಅರ ಉಜ್ಜುವವರ ರಕ್ತವೇ ಹರಿಯುತ್ತಿತ್ತು. ಬಾಲವನ ಇಂದಿಗೂ ಇದೆ. ಕಾರಂತರ ಶಿಕ್ಷಣಪ್ರಯೋಗ ಮಾತ್ರ ಅವರ ಹುರುಪು, ಅವರ ಕಿಸೆ ಇವೆರಡರ ಆಸರೆಯಲ್ಲಿ ನಿಂತದ್ದಾದುದರಿಂದ ಅವರಾಚೆಗೆ ಬಾಳಲಿಲ್ಲ. ದೊಡ್ಡವರೊಬ್ಬರ ಮೇಲೆ ಎಲ್ಲವನ್ನೂ ಹೇರಿ ಸುತ್ತ ನಿಂತು ನೋಡುವುದು ನಮ್ಮೆಲ್ಲರ ಹಳೆಯ ರೂಢಿ.

ಅದೇ ಪುತ್ತೂರು ಇದಕ್ಕೆ ಪರಿಹಾರವನ್ನೂ ಆಗಲೇ ಕಲಿತಿದ್ದಿತು. ಕಾರಂತರ ಒಡನಾಡಿಗಳಾಗಿದ್ದ ವಕೀಲ ಮೊಳಹಳ್ಳಿ ಶಿವರಾಯರು 1909ರಿಂದಲೇ ಅಲ್ಲಿ ಸಹಕಾರ ಸಂಘವನ್ನು ಬೆಳೆಸಿದ್ದರು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಮಂಗಳೂರಿಗೆ ಹೋದದ್ದು ಆಮೇಲೆ. ಸಹಕಾರದ ತತ್ತ್ವ ಸರಳವಾದದ್ದು: ಒಬ್ಬನಿಂದಾಗದ್ದನ್ನು ಹತ್ತು ಮಂದಿ ಚಿಲ್ಲರೆ ಪಾಲು ಹಾಕಿ ಮಾಡುವುದು, ಪಾಲು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಲೇತ್ ಯಂತ್ರವೊಂದನ್ನು ಮೇಷ್ಟರೊಬ್ಬನಾಗಲಿ ಗುಮಾಸ್ತನೊಬ್ಬನಾಗಲಿ ಕೊಳ್ಳಲಾರನು. ಕೊಂಡರೂ ಮನೆಯಲ್ಲಿ ಇಡಲು ಎಡೆಯಿಲ್ಲ, ಮನೆಯಾಕೆಯ ಸಮ್ಮತಿಯ ಮಾತು ಹಾಗಿರಲಿ. ಅಡಿಕೆಗೂ ಸಾಲಕ್ಕೂ ಒದಗಿದ ಉಪಾಯ ಲೇತಿಗೂ ಒದಗಬಾರದೆಂದೇನಿದೆ? ಸುಳ್ಯದಲ್ಲಿ 1986ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಪುತ್ತೂರಿಗೂ ಆಮೇಲೆ ಒಂದು ಬಂದಿತು. ಕೈಯ ಕೊರತೆಯೇನಿಲ್ಲ. ಆದರೆ ಶಾಲೆಯ ವಿಜ್ಞಾನ ಪ್ರದರ್ಶನಗಳಿಗೆ ಅಂಗಡಿಯಿಂದ ಕೊಂಡುತಂದ ಥರ್ಮೊಕೋಲಿನ ಜ್ವಾಲಾಮುಖಿಗೆ ಅಂಕ ಕೊಟ್ಟು, ಮಗುಚಿದ ತೇರಿಗೆ ಸೊನ್ನೆ ಕೊಡುವ ಪರೀಕ್ಷಕರಲ್ಲಿ ನಾವೂ ಇದ್ದೇವೆ. ಕೂಟದಲ್ಲಿ ಮಗುಚಿದ್ದನ್ನೇ ಮೇಜಿನ ಮೇಲಿಟ್ಟು ಎಲ್ಲರೂ ಸುತ್ತ ಕುಳಿತುಕೊಳ್ಳುತ್ತಾರೆ.

ಅಂಥ ಕೂಟವೊಂದು ಆ ಸೀಮೆಯಲ್ಲಿ ಹುಟ್ಟುವುದಾದರೆ ಮೊದಲು ಏನನ್ನು ಕಟ್ಟಬೇಕೆಂದು ಕೇಳಬೇಕಾಗಿಯೇ ಇಲ್ಲ. ಪುತ್ತೂರು, ಸುಳ್ಯಗಳಿಂದ ಹಳ್ಳಿಗಳನ್ನು ಪಡೆದು ರಚಿತವಾದ ಕಡಬ ತಾಲ್ಲೂಕಿನ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿದೆ. ಅಲ್ಲಿಂದ ಸಕಲೇಶಪುರಕ್ಕೆ ಏರುವ ಸುಮಾರು 55 ಕಿಲೋಮೀಟರಿನ ಘಟ್ಟದ ದಾರಿಯಲ್ಲಿ 50ಕ್ಕೂ ಮೇಲ್ಪಟ್ಟು ಸುರಂಗಗಳು, 100ಕ್ಕೂ ಮೇಲ್ಪಟ್ಟು ಸೇತುವೆಗಳು ಇವೆ. ಜಗತ್ತಿನ ಮಾದರಿಗಾರರಲ್ಲಿ ಬಹಳ ಬಳಕೆಯಲ್ಲಿರುವ 87ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೂ ಅದು 630 ಮೀಟರು ಉದ್ದವಾಗುತ್ತದೆ. ಆದಕಾರಣ ಒಂದು ಸುರಂಗ, ಒಂದು ಸೇತುವೆ, ಒಂದು ತಿರುವು ಸಾಕು. ಇನ್ನೊಂದು ಪೇಚೂ ಇದೆ. ಅಂಗಡಿಯಲ್ಲಿ ದೊರೆಯುವ ಆ ಅಳತೆಯ ಹಳಿಯ ಅಗಲ 16.5 ಮಿಲಿಮೀಟರು, ಅದು ಐರೋಪ್ಯರ ರೈಲಿಗೆ ಹೊಂದುವುದು. ನಮ್ಮ 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ 19ಕ್ಕೂ ಚೂರು ಹೆಚ್ಚು ಬೇಕು. ಹೀಗಾಗಿ ಹಳಿಯನ್ನೂ ಗಾಲಿಯನ್ನೂ ಕೈಯಿಂದಲೇ ಮಾಡಬೇಕು. ಲೇತ್ ಬೇಕಾಗುವುದು ಇದಕ್ಕೇ. ಸೋಮಾರಿಗಳಿಗೆ ಒಂದು ದಾರಿಯುಂಟು: 1979ರಲ್ಲಿ ಈ ಮಾರ್ಗ ಪೂರ್ಣವಾದಾಗ ಅದು ಮೀಟರ್ ಗೇಜಾಗಿದ್ದಿತು. ಆ ಕಾಲದ ರೈಲನ್ನು ಕಟ್ಟುವುದಾದರೆ ಸಿದ್ಧವಾಗಿ ಸಿಕ್ಕುವ 12 ಮಿಲಿಮೀಟರಿನ ಹಳಿ ಹೆಚ್ಚುಕಡಮೆ ಹೊಂದಿಕೊಳ್ಳುತ್ತದೆ.

ಏರಿಗೆ ಮಾತ್ರ ಅಡ್ಡದಾರಿ ಇಲ್ಲ. ಘಟ್ಟದ ಏರು 50ಕ್ಕೆ ಒಂದು. ಉದ್ದವನ್ನು ಎಷ್ಟು ಇಳಿಸಿದರೂ ಏರಿನ ಕೋನ ಇಳಿಯುವುದಿಲ್ಲ. ಐದು ಮೀಟರಿನ ಹಲಗೆಯನ್ನು ಹಾಕಿದರೆ ಅದರ ಒಂದು ತುದಿ ಇನ್ನೊಂದಕ್ಕಿಂತ ಹತ್ತು ಸೆಂಟಿಮೀಟರು ಮೇಲಿರಬೇಕು. ಪುಟ್ಟ ಬಂಡಿ ಅದರ ಮೇಲೆ ಗಾಲಿ ಜಾರಿಸಿ ನಿಂತುಬಿಟ್ಟರೆ ಏನು ಮಾಡಬೇಕೆಂಬುದು ಜಾತ್ರೆಯ ಮಾರನೆಯ ದಿನದ ಹುಡುಗರಿಗೆ ಗೊತ್ತು: ಅದಕ್ಕೂ ಸ್ವಲ್ಪ ಭಾರ ಹೇರಿ ನೋಡುತ್ತಾರೆ.