ಕಣ್ಣು ಸರಿಯಿದ್ದರೂ ಓದಲು ತೊಡಕು

ಕೆಲವು ಮಕ್ಕಳು ಕೇಳಿದ ಕಥೆಯನ್ನು ಒಂದೇ ಸಲಕ್ಕೆ ಒಪ್ಪಿಸುತ್ತವೆ, ಬಾಯಿಲೆಕ್ಕದಲ್ಲಿ ನಮ್ಮನ್ನೇ ಸೋಲಿಸುತ್ತವೆ. ಪುಸ್ತಕ ಹಿಡಿದರೆ ಮಾತ್ರ ಸಾಲು ತಪ್ಪುತ್ತವೆ. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಿದೆಯೆನ್ನುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅದಕ್ಕೇ ಹೀಗೆಂದು ಬಾರಾಮತಿಯ ನಾವು ಸುಮ್ಮನಾಗುತ್ತೇವೆ. ಇಲ್ಲವೇ ಸೋಮಾರಿಯೆಂದು ಬೈಯುತ್ತೇವೆ. ಕಣ್ಣು ಕಂಡದ್ದನ್ನು ಜೋಡಿಸಿ ಅರ್ಥಮಾಡಿಕೊಳ್ಳುವುದು ಮೆದುಳು. ಆ ಜೋಡಣೆಯಲ್ಲೇ ತೊಡಕಿದ್ದರೆ ಕನ್ನಡಕದಿಂದ ಗುಣವಾಗದು. ಇಂಥ ಕೆಲವರಿಗೆ ಗದ್ದಲವೂ ಒರಟು ಬಟ್ಟೆಯೂ ಸಹಿಸದು.

ಪುಟ್ಟರಾಜ ಗವಾಯಿಗಳ ಸಂಗತಿ ಬೇರೆ. 1914ರಲ್ಲಿ ಹಾನಗಲ್ ತಾಲೂಕಿನಲ್ಲಿ ಹುಟ್ಟಿದ ಅವರು ಶೈಶವದಲ್ಲೇ ಕಣ್ಣು ಕಳೆದುಕೊಂಡವರು. ಆದರೆ ಹುಡುಗ ಹಾರ್ಮೋನಿಯಂ ಮೇಲೆ ಸ್ವರ ಹುಡುಕುವುದನ್ನು ಸೋದರಮಾವ ಗಮನಿಸಿ ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಹುಡುಗನಿಗೆ ಏನು ಬರುತ್ತದೆಂದು ನೋಡಿದ ಮಾವ!

ನಮ್ಮ ಮಕ್ಕಳಿಗೂ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿರಿ, ಉತ್ತರವನ್ನು ಬಾಯಲ್ಲೇ ಕೇಳಿರಿ. ಓದುವಾಗ ಕೆಳಗಿನ ಸಾಲುಗಳನ್ನು ರಟ್ಟಿನಿಂದ ಮುಚ್ಚಿರಿ. ಪುಟಕ್ಕೆ ಎರಡೇ ಲೆಕ್ಕ ಬರೆದುಕೊಡಿರಿ. ಆದರೆ ಅವು ಮಗುವಿನ ಜಾಣತನಕ್ಕೆ ತಕ್ಕ ಕಠಿಣ ಲೆಕ್ಕಗಳೇ ಇರಲಿ, ಸುಲಭದ್ದು ಕೊಟ್ಟರೆ ಬೇಸರಪಡುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಓದು ಬರಹದ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿದೆ. ಸರ್ಕಾರಿ ದವಾಖಾನೆಯಲ್ಲಿ ತಪಾಸಣೆಯಾಗಿ ಪ್ರಮಾಣಪತ್ರ ದೊರೆತರೆ ಪರೀಕ್ಷೆಯಲ್ಲಿ ಹೆಚ್ಚು ವೇಳೆ ಕೇಳಬಹುದು.